ಜಿಮ್ನಿಯಲ್ಲಿ ಕ್ಯಾಂಪಿಂಗ್: ಮೊದಲು ವೇಬ್ರಿಡ್ಜ್, ಆಮೇಲೆ ಅಂಗಡಿ

ಮಾರುತಿಯ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ಮನೆಗೆ ಬಂದ ವಾರದೊಳಗೇ ಚಾವಣಿ ಮೇಲಿನ ರೂಫ್ ಟೆಂಟ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಸ್ಟೀಲ್ ಬಂಪರ್ ಬೆಲೆ ವಿಚಾರಿಸುವವರೇ ಹೆಚ್ಚು. ಅದಕ್ಕೂ ಮೊದಲು ಹತ್ತಿರದಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಟ್ಯಾಂಕ್ ಪೂರ್ತಿ ತುಂಬಿಸಿ, ಒಳಗೆ ಯಾರೂ ಇಲ್ಲದಂತೆ ತೂಗಿಸಿ, ಆ ಚೀಟಿ ಜೋಪಾನವಾಗಿಡಿ.

ಐದು ಬಾಗಿಲಿನ ಜಿಮ್ನಿಯ ಖಾಲಿ ತೂಕ ಸುಮಾರು 1,200 ಕೆಜಿ. ಜನ, ಸಾಮಾನು ಎಲ್ಲ ಸೇರಿ 1,545 ಮೀರಬಾರದು. ಕೈಯಲ್ಲಿರುವುದು 345. ಇಬ್ಬರು ಕೂತರೆ 145 ಹೋಯಿತು. ಉಳಿದ 200ರಲ್ಲಿ ರೂಫ್ ಟೆಂಟ್‌ಗೆ 55, ಅದನ್ನು ಹೊರುವ ರ‍್ಯಾಕ್‌ಗೆ 25, ಬಂಪರ್ ಮತ್ತು ಹೂತ ಗಾಡಿ ಎಳೆಯುವ ವಿಂಚ್‌ಗೆ 60, ಫ್ರಿಜ್ ಮತ್ತು ಎರಡನೇ ಬ್ಯಾಟರಿಗೆ 35 ಕಳೆಯಿರಿ. ಮಿಕ್ಕಿದ್ದು 25. ಅದರಲ್ಲಿ ನೀರೇ 20 ಲೀಟರ್. ಹಾಸಿಗೆ, ಪಾತ್ರೆ, ಬಟ್ಟೆ ಎಲ್ಲಕ್ಕೂ ಸೇರಿ ಐದು ಕೆಜಿ! ಟೆಂಟಿನ ತೂಕ ನೆತ್ತಿಯ ಮೇಲೆ ಕೂರುವುದು ಬೇರೆ. ಅಗಲ ಕಮ್ಮಿಯಿರುವ ಈ ಗಾಡಿ ಅಡ್ಡ ಇಳಿಜಾರಿನಲ್ಲಿ ಬೇಗ ವಾಲುತ್ತದೆ. ಚಾವಣಿ ಎಷ್ಟು ಹೊರಬಹುದೆಂದು ಗಾಡಿಯ ಕೈಪಿಡಿಯಲ್ಲಿ ನೋಡಿಯೇ ರ‍್ಯಾಕ್ ಕೊಳ್ಳಿ. ಬಂಪರ್‌ಗೆ ಜೋಡಿಸುವ ಕ್ರ್ಯಾಶ್ ಗಾರ್ಡ್‌ಗಳನ್ನಂತೂ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ಕಾನೂನುಬಾಹಿರ ಎಂದಿದೆ.

ಮೊದಲ ಖರ್ಚು ಟೈರಿನ ಗಾಳಿಯ ಮೇಲಿರಲಿ. ಒಳ್ಳೆಯ ಗೇಜ್, ಗಾಳಿ ಇಳಿಸುವ ಸಾಧನ, ಕಂಪ್ರೆಸರ್, ಟ್ಯೂಬ್‌ಲೆಸ್ ಪಂಚರ್ ಕಿಟ್. ಮಲೆನಾಡಿನ ಕಲ್ಲು ರಸ್ತೆಗೂ ಒದ್ದೆ ಮಣ್ಣಿಗೂ 18 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲವನ್ನು ಹೆಚ್ಚು ಉದ್ದಕ್ಕೆ ಕಚ್ಚುತ್ತದೆ. 4ಎಲ್‌ಗಿಂತ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್) ಮೊದಲು ಇದನ್ನೇ ಮಾಡಿ ನೋಡಿ, ಎಷ್ಟೋ ಕಡೆ ಇಷ್ಟೇ ಸಾಕು. 15ಕ್ಕಿಂತ ಕೆಳಗಿಳಿಸಿ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚಬಹುದು. ಗಾಳಿ ಕಮ್ಮಿ ಇರುವಾಗ ಗಂಟೆಗೆ 30–40 ಕಿಮೀ ದಾಟಬೇಡಿ. ಡಾಂಬರು ಸಿಕ್ಕ ಕೂಡಲೇ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ತುಂಬಿಸಿ. ದೊಡ್ಡ ಕಂಪ್ರೆಸರ್ 20–30 ಆಂಪಿಯರ್ ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ಸಾಕೆಟ್‌ಗೆ ಚುಚ್ಚಿದರೆ ಫ್ಯೂಸ್ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಕ್ಲಿಪ್ ಹಾಕಿ ನೇರ ಬ್ಯಾಟರಿಯಿಂದ ತೆಗೆದುಕೊಳ್ಳಿ.

ಎರಡನೆಯದು, ಹೂತರೆ ಹೊರಬರುವ ಸಾಮಾನು: ಸಲಿಕೆ, ಚಕ್ರದಡಿ ಇಡುವ ಒಂದು ಜೊತೆ ರಿಕವರಿ ಬೋರ್ಡ್, ಎಳೆದರೆ ಹಿಗ್ಗುವ ಕೈನೆಟಿಕ್ ಹಗ್ಗ, ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಎರಡು ಸಾಫ್ಟ್ ಶ್ಯಾಕಲ್. ಹಗ್ಗದ ತುಂಡಾಗುವ ಮಿತಿ ತುಂಬಿದ ಗಾಡಿಯ ತೂಕದ ಎರಡರಿಂದ ಮೂರು ಪಟ್ಟು ಇರಬೇಕು, ಅಂದರೆ ಜಿಮ್ನಿಗೆ ಸುಮಾರು 3.1ರಿಂದ 4.6 ಟನ್. ಲಾರಿಯಲ್ಲಿ ಸಾಗಿಸುವಾಗ ಗಾಡಿ ಕಟ್ಟಲು ಕೊಟ್ಟ ಕೊಂಡಿಗೆ, ಟ್ರೇಲರ್ ಎಳೆಯುವ ಕಬ್ಬಿಣದ ಗುಂಡಿಗೆ (ಟೋ ಬಾಲ್) ಈ ಹಗ್ಗ ಹಾಕಲೇಬೇಡಿ. ಜಗ್ಗಿದ ರಭಸಕ್ಕೆ ಅದು ಕಿತ್ತು ಹಿಂದಿನ ಗಾಡಿಯ ಗಾಜು ಒಡೆದು ಒಳಗೆ ಕೂತವರಿಗೇ ಬಡಿಯುತ್ತದೆ. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸಿ, ನೋಡುವವರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ಆಚೆ ನಿಲ್ಲಿಸಿ.

ಇನ್ನು ನಿದ್ದೆ. ಮೊದಲ ಎರಡು ಮೂರು ರಾತ್ರಿಗೆ ನೆಲದ ಟೆಂಟ್ ಸಾಕು. ಮಳೆಗಾಲವಾದರೆ ಮೇಲೊಂದು ಟಾರ್ಪಾಲು. ಗಾಡಿಯೊಳಗೇ ಮಲಗಬೇಕೆಂದರೆ, ಹಿಂದಿನ ಸೀಟು ಮಡಚಿದರೂ ಮೆಟ್ಟಿಲು ಉಳಿಯುತ್ತದೆ, ಹಲಗೆ ಬೇಕು. 12 ಎಂಎಂ ಪ್ಲೈವುಡ್ ಸಾಕು. ಎಂಟಡಿಗೆ ನಾಲ್ಕಡಿಯ ಹಾಳೆ 20–25 ಕೆಜಿ ತೂಗುತ್ತದೆ, 18 ಎಂಎಂನದು ಅದರ ಒಂದೂವರೆ ಪಟ್ಟು. ಬಡಗಿಗಳು ಗಟ್ಟಿಯಾಗಲೆಂದು ದಪ್ಪದ್ದನ್ನೇ ಹೇಳುತ್ತಾರೆ. ಹಲಗೆಯ ಕೆಳಗೆ ಎರಡು ಪಟ್ಟಿ ಕೊಡಿಸಿ ತೆಳುವಾದದ್ದನ್ನೇ ಹಾಕಿಸಿ. ಎರಡು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ, ಸೊಳ್ಳೆ ಬಲೆ ಅಂಟಿಸಿ. ಪೂರ್ತಿ ಮುಚ್ಚಿದರೆ ಬೆಳಗ್ಗೆ ಉಸಿರಿನ ಹನಿ ಗಾಜಿನಿಂದ ಹಾಸಿಗೆಗೆ ಇಳಿದಿರುತ್ತದೆ. ಸ್ಟೌವ್ ಮಾತ್ರ ಎಂದಿಗೂ ಗಾಡಿಯೊಳಗೆ ಬೇಡ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಎರಡು ರಾತ್ರಿಗೆ ಫ್ರಿಜ್ ಬೇಡ. ಐಸ್ ಪೆಟ್ಟಿಗೆಯಲ್ಲಿ ನಾಲ್ಕು ಬಾಟಲಿ ಗಡ್ಡೆಗಟ್ಟಿದ ನೀರು ಇಟ್ಟರೆ ಹಾಲು, ತರಕಾರಿ ಕೆಡುವುದಿಲ್ಲ, ಕರಗಿದ್ದನ್ನು ಕುಡಿಯಲೂಬಹುದು. ಸೆಖೆಯಲ್ಲಿ 40 ಲೀಟರಿನ ಫ್ರಿಜ್ ದಿನಕ್ಕೆ 40–50 ಆಂಪಿಯರ್-ಅವರ್ ತಿನ್ನುತ್ತದೆ. ಸ್ಟಾರ್ಟ್ ಮಾಡುವ ಬ್ಯಾಟರಿಗೆ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ ಗಾಡಿ ತಳ್ಳಬೇಕಾದೀತು, ಆಟೋಮ್ಯಾಟಿಕ್ ಆದರೆ ಅದೂ ಇಲ್ಲ. ಮೂರು ದಿನ ದಾಟುವವರು ಬೇರೆ ಲಿಥಿಯಂ ಬ್ಯಾಟರಿಗೆ ಯೋಚಿಸಲಿ.

ಲಿಫ್ಟ್ ಕಿಟ್ಟಿನ ಸ್ಪ್ರಿಂಗ್ ಕೊನೆಗೆ. ಮೂರನೇ ಪ್ರವಾಸಕ್ಕೆ ಹೊರಡುವಾಗ ಸಾಮಾನು, ಜನ ಸಮೇತ ಅದೇ ವೇಬ್ರಿಡ್ಜ್‌ಗೆ ಹೋಗಿ. ಎರಡು ಚೀಟಿಗಳ ವ್ಯತ್ಯಾಸದಲ್ಲಿ ಎಷ್ಟು ಭಾರ ಸದಾ ಗಾಡಿಯಲ್ಲೇ ಇರುತ್ತದೆಂದು ನೋಡಿಯೇ ಸ್ಪ್ರಿಂಗ್ ಆರಿಸಬೇಕು, ಏಕೆಂದರೆ ಅವು ಸದಾ ಇರುವ ಭಾರದ ಲೆಕ್ಕದಲ್ಲಿ ಸಿಗುತ್ತವೆ. 150 ಕೆಜಿಯ ಸ್ಪ್ರಿಂಗನ್ನು ವಾರವಿಡೀ ಖಾಲಿ ಓಡುವ ಗಾಡಿಗೆ ಹಾಕಿದರೆ ಹಿಂಬದಿ ರಸ್ತೆಯ ಪ್ರತಿ ಉಬ್ಬಿಗೂ ನೆಗೆಯುತ್ತದೆ, ಬೆನ್ನು ನಿಮ್ಮದು.