ಒಲೆ ಊದುವ ಹಾಗೆ ಉಸಿರು ಬಿಡಿ ಅಜ್ಜಿ

ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿ ಶುರು ಮಾಡಿದ ಹೊಸತು. ಎಂಫಿಸೀಮಾ ಅನ್ನೋ ಶ್ವಾಸಕೋಶದ ಕಾಯಿಲೆ ಬಗ್ಗೆ ಓದಿದ್ದೆ, ಆದರೆ ಅದು ನನಗೆ ಅರ್ಥವಾಗಿದ್ದು ಒಬ್ಬ ಅಜ್ಜಿಯ ಹತ್ತಿರ ತಪ್ಪು ಮಾಡಿದ ಮೇಲೆ.

ಮೂಡಿಗೆರೆ ಕಡೆಯವರು, ಕಾಫಿ ತೋಟದಲ್ಲಿ ದುಡಿದವರು. ಬೀಡಿ ಮುಟ್ಟಿದವರಲ್ಲ. ಆದರೆ ಮದುವೆಯಾದಾಗಿನಿಂದ ಸೌದೆ ಒಲೆ. ಮಳೆಗಾಲದ ಹಸಿ ಸೌದೆ ಎಷ್ಟು ಹೊಗೆ ಕಾರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಎರಡೂ ಕೈ ಮಂಡಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದರು. ಉಸಿರು ಎಳೆದಾಗೆಲ್ಲ ಕತ್ತಿನ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತಿತ್ತು.

"ಅಜ್ಜಿ, ಜೋರಾಗಿ ಎಳ್ಕೊಳ್ಳಿ, ಜೋರಾಗಿ ಬಿಡಿ" ಅಂದೆ. ಐದಾರು ಸಲಕ್ಕೇ ಏದುಸಿರು ಜಾಸ್ತಿಯಾಯಿತು. "ಒಳಗೆ ಜಾಗವೇ ಇಲ್ಲ ಮಗಾ" ಅಂದರು.

ಅದು ಅಕ್ಷರಶಃ ನಿಜ. ನಮ್ಮ ಶ್ವಾಸಕೋಶದಲ್ಲಿ ಸುಮಾರು 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ಗಾಳಿ ತುಂಬಿದಾಗ ಹಿಗ್ಗುತ್ತವೆ, ಬಿಟ್ಟಾಗ ತಾವಾಗೇ ಕುಗ್ಗುತ್ತವೆ. ಹಾಗಾಗಿ ಸುಮ್ನೆ ಕೂತಾಗ ಉಸಿರು ಬಿಡೋಕೆ ನಾವು ಏನೂ ಮಾಡಬೇಕಿಲ್ಲ. ಎಂಫಿಸೀಮಾದಲ್ಲಿ ಈ ಚೀಲಗಳ ಗೋಡೆ ಹರಿದು, ಹತ್ತಾರು ಸೇರಿ ಒಂದು ಸಡಿಲ ಚೀಲವಾಗುತ್ತೆ. ಹಳೇ ಲಂಗದ ಎಲಾಸ್ಟಿಕ್ ನೋಡಿದ್ದೀರಲ್ವಾ? ಹಿಗ್ಗುತ್ತೆ, ವಾಪಸ್ ಬರಲ್ಲ.

ಇನ್ನೊಂದು ತೊಂದರೆ ಇದೆ. ಆ ಗೋಡೆಗಳೇ ಸಣ್ಣ ಉಸಿರುನಾಳಗಳನ್ನು ಸುತ್ತಲಿಂದ ಎಳೆದು ತೆರೆದಿಡುತ್ತವೆ. ಅವು ಹೋದ ಮೇಲೆ ಜೋರಾಗಿ ಊದಿದಷ್ಟೂ ನಾಳ ಅಪ್ಪಚ್ಚಿಯಾಗಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತೆ. ಎದೆ ಪೀಪಾಯಿಯ ಹಾಗೆ ಉಬ್ಬುತ್ತೆ. ಕಮಾನಿನ ಹಾಗೆ ಇರಬೇಕಾದ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಚಪ್ಪಟೆಯಾಗಿ, ಕೆಳಗೆ ಎಳೆಯುವ ಶಕ್ತಿ ಕಳೆದುಕೊಳ್ಳುತ್ತೆ. ಆಗ ಕತ್ತು, ಭುಜ ಆ ಕೆಲಸಕ್ಕೆ ಇಳಿಯುತ್ತವೆ. ಅದಕ್ಕೇ ಅಜ್ಜಿಗೆ ಕೈ ಎತ್ತಿ ತಲೆ ಬಾಚಿಕೊಂಡರೂ ಸುಸ್ತು. ದಿಬ್ಬ ಹತ್ತುವಾಗ ಉಸಿರು ಬೇಗ ಬೇಗ ಆಗುತ್ತೆ, ಬಿಡೋಕೆ ಸಮಯ ಸಾಲದೆ ಇನ್ನಷ್ಟು ಗಾಳಿ ಉಳಿಯುತ್ತೆ.

ಎರಡನೇ ಸಲ ಬಂದಾಗ ಬೇರೆ ಥರ ಹೇಳಿದೆ. "ಊದುಗೊಳವೆ ಹಿಡಿದ ಹಾಗೆ ತುಟಿ ಮಾಡಿ. ಆದರೆ ಬೆಂಕಿ ಏಳಬಾರದು, ಕೆಂಡದ ಮೇಲಿನ ಬೂದಿ ಮಾತ್ರ ಹಾರಬೇಕು."

ಅವರ ತುಟಿಗೆ ಆ ಆಕಾರ ಕಲಿಸಬೇಕಾಗಿರಲಿಲ್ಲ. ಮೂಗಿನಿಂದ ಎರಡು ಎಣಿಸಿ ಎಳೆದು, ತುಟಿಯ ಸಂದಿಯಿಂದ ನಾಲ್ಕು ಎಣಿಸಿ ಬಿಡೋದು. ತುಟಿ ತಡೆದ ಒತ್ತಡವೇ ನಾಳಗಳನ್ನು ಮುಚ್ಚಿಕೊಳ್ಳದ ಹಾಗೆ ಹಿಡಿಯುತ್ತೆ. ನಿಮಿಷಕ್ಕೆ 28 ಸಲ ಇದ್ದ ಉಸಿರು ನಿಧಾನವಾಗಿ 20ಕ್ಕೆ ಬಂತು. ಭುಜ ಇಳಿಯಿತು. ನನಗೆ ಕಣ್ಣು ತುಂಬಿ ಬಂತು.

ಹರಿದ ಚೀಲ ಮತ್ತೆ ಬೆಳೆಯಲ್ಲ, ಡಾಕ್ಟರು ಕೊಟ್ಟ ಇನ್‌ಹೇಲರ್ ಬಿಡಬಾರದು ಅಂತಲೂ ಹೇಳಿದೆ. ಹೊಟ್ಟೆ ತುಂಬಾ ಉಣ್ಣಬೇಡಿ, ಅದು ವಪೆಯನ್ನು ಒತ್ತುತ್ತೆ, ಸ್ವಲ್ಪ ಸ್ವಲ್ಪ ತಿನ್ನಿ. ದಿಬ್ಬದಲ್ಲಿ ನಿಂತು ಉಸಿರು ಎಳೆದುಕೊಳ್ಳಿ, ಬಿಡುತ್ತಾ ಹೆಜ್ಜೆ ಇಡಿ.

ಹೊರಡುವಾಗ "ಈಗ ಒಲೆ ಮುಂದೆ ಯಾರು ಕೂರ್ತಾರೆ?" ಅಂತ ಕೇಳಿದೆ. "ಸೊಸೆ" ಅಂದರು. ಮುಂದಿನ ಸಲ ಅವಳನ್ನೂ ಕರ್ಕೊಂಡು ಬನ್ನಿ ಅಜ್ಜಿ ಅಂದೆ.