ಹಗುರ ಲ್ಯಾಪ್‌ಟಾಪಿಗೆ ಮೆಮೊರಿ, ಸ್ಟೋರೇಜ್ ಆರಿಸಿಕೊಂಡ ಬಗೆ: ನನ್ನ ಅನುಭವ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಒಸಿಆರ್ ಮೂಲಕ ಪಠ್ಯ ತೆಗೆದು, ಕರಡು ತಿದ್ದಿ, ಮರುಮುದ್ರಣಕ್ಕೆ ಪುಟವಿನ್ಯಾಸ ಮಾಡಿಕೊಡುವುದು ನನ್ನ ವೃತ್ತಿ. ಗ್ರಂಥಾಲಯ, ಪ್ರಕಾಶಕರ ಕಚೇರಿ, ಮುದ್ರಣಾಲಯ ಎಂದು ಓಡಾಟವೇ ಹೆಚ್ಚಾದ್ದರಿಂದ, ಹೊಸ ಲ್ಯಾಪ್‌ಟಾಪಿನ ತೂಕ ಒಂದೂಕಾಲು ಕಿಲೋ ಆಸುಪಾಸಿನಲ್ಲಿರಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಪ್ರೊಸೆಸರ್ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಈಗಿನ ಮಧ್ಯಮ ದರ್ಜೆಯ ಯಾವುದಾದರೂ ನನ್ನ ಕೆಲಸಕ್ಕೆ ಸಾಲುತ್ತದೆ. ಹೆಚ್ಚು ಯೋಚಿಸಬೇಕಾಗಿ ಬಂದದ್ದು ಮೆಮೊರಿ (ಕೆಲಸ ನಡೆಯುವಾಗಿನ ತಾತ್ಕಾಲಿಕ ಜಾಗ, ಅಂದರೆ ರ‍್ಯಾಮ್) ಮತ್ತು ಸ್ಟೋರೇಜ್ (ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ) ವಿಷಯದಲ್ಲಿ.

ಹಗುರ ಯಂತ್ರಗಳಲ್ಲಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇಂಥ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಎಲ್‌ಪಿಡಿಡಿಆರ್ ಎಂಬ, ಕಡಿಮೆ ವಿದ್ಯುತ್ ಬಳಸುವ ಜಾತಿಯ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟ್ ಇಲ್ಲದ್ದರಿಂದ ಯಂತ್ರ ತೆಳುವಾಗುತ್ತದೆ. ಮುಚ್ಚಿಟ್ಟಾಗಲೂ ಮೆಮೊರಿ ಕಡಿಮೆ ವಿದ್ಯುತ್ ಎಳೆಯುವುದರಿಂದ ಬ್ಯಾಟರಿ ಉಳಿಯುತ್ತದೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಮೆಮೊರಿ ಪ್ರೊಸೆಸರಿನ ಪ್ಯಾಕೇಜಿನೊಳಗೇ ಇದ್ದು, 16 ಅಥವಾ 32 ಜಿಬಿ ಬಿಟ್ಟರೆ ಬೇರೆ ಆಯ್ಕೆಯಿಲ್ಲ. ಅಂದರೆ ಕೊಂಡ ದಿನ ಎಷ್ಟಿತ್ತೋ ಯಂತ್ರ ಸಾಯುವವರೆಗೂ ಅಷ್ಟೇ. ಎಸ್‌ಎಸ್‌ಡಿ ಹಾಗಲ್ಲ, ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಅದು ಎಂ.2 ಸ್ಲಾಟಿನಲ್ಲಿ ಒಂದೇ ಸ್ಕ್ರೂವಿನಿಂದ ನಿಂತಿರುತ್ತದೆ, ಸಾಲದಿದ್ದರೆ ಬದಲಿಸಬಹುದು, ಹೊರಗಿನಿಂದಲೂ ಜೋಡಿಸಬಹುದು. ಹೀಗಾಗಿ ಕೈಯಲ್ಲಿದ್ದ ಹಣವನ್ನು ಮೊದಲು ಮೆಮೊರಿಗೆ ಹಾಕಿ, ಉಳಿದದ್ದನ್ನು ಸ್ಟೋರೇಜಿಗೆ ಹಾಕುವುದೆಂದು ತೀರ್ಮಾನಿಸಿದೆ.

ಎಷ್ಟು ಮೆಮೊರಿ ಬೇಕೆಂಬುದನ್ನು ಹಳೆಯ ಲ್ಯಾಪ್‌ಟಾಪನ್ನೇ ಕೇಳಿ ತಿಳಿದುಕೊಂಡೆ. ಅದರಲ್ಲಿದ್ದದ್ದು 8 ಜಿಬಿ. ಪುಟವಿನ್ಯಾಸದ ತಂತ್ರಾಂಶ, ಒಸಿಆರ್, ಸ್ಕ್ಯಾನ್ ಚಿತ್ರ ತಿದ್ದುವ ತಂತ್ರಾಂಶ, ನಿಘಂಟುಗಳೂ ಇಮೇಲೂ ತೆರೆದ ಬ್ರೌಸರ್ ಇವೆಲ್ಲ ಒಟ್ಟಿಗೆ ನಡೆಯುವ ಹೊತ್ತಿನಲ್ಲಿ ಯಂತ್ರದ ಬಳಕೆಯನ್ನು ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟವನ್ನು ತೆರೆದು, ‘ಕಮಿಟೆಡ್’ ಎಂಬುದರ ಕೆಳಗಿನ ಅಂಕಿಯನ್ನು ಗಮನಿಸುತ್ತ ಬಂದೆ. ಬಳಕೆಯ ಅಂಕಿ ಏಳೂವರೆ ಜಿಬಿಯ ಹತ್ತಿರ ನಿಂತುಬಿಟ್ಟಿರುತ್ತಿತ್ತು. ಕಮಿಟೆಡ್ ಮಾತ್ರ 12, 13 ಜಿಬಿ ದಾಟುತ್ತಿತ್ತು. ತಂತ್ರಾಂಶಗಳಿಗೆ ವಿಂಡೋಸ್ ಒಪ್ಪಿಕೊಟ್ಟ ಒಟ್ಟು ಮೆಮೊರಿಯೇ ಈ ಅಂಕಿ. ಅದು ರ‍್ಯಾಮನ್ನು ಬಹಳ ಮೀರಿದಾಗ ಹೆಚ್ಚುವರಿ ಭಾಗ ಎಸ್‌ಎಸ್‌ಡಿಯ ಪೇಜ್ ಫೈಲ್ ಎಂಬ ಕಡತಕ್ಕೆ ಹೋಗಿಬರುತ್ತದೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗ ಯಂತ್ರ ತುಸು ತಡವರಿಸುತ್ತಿದ್ದುದರ ಕಾರಣ ಅಲ್ಲಿತ್ತು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರಗಳಲ್ಲಿ ಪರದೆಯ ಕೆಲಸಕ್ಕೂ ಇದೇ ಮೆಮೊರಿಯಿಂದ ಪಾಲು ಹೋಗುತ್ತದೆಂಬುದನ್ನೂ ಸೇರಿಸಿಕೊಂಡರೆ, ನನಗೆ 16 ಜಿಬಿಗಿಂತ ಕಡಿಮೆಯದು ಬೇಡವೆಂಬುದು ಖಚಿತವಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 8 ಜಿಬಿ ಮೆಮೊರಿ ಮತ್ತು 1 ಟಿಬಿ ಎಸ್‌ಎಸ್‌ಡಿ ಇರುವ ಯಂತ್ರವನ್ನು ನನಗೆ ಒತ್ತಾಯದಿಂದಲೇ ತೋರಿಸಿದರು. “ರ‍್ಯಾಮ್ ಆಮೇಲೆ ಹಾಕಿಸಿಕೊಳ್ಳಬಹುದು ಸರ್, ಈಗ ಸ್ಟೋರೇಜ್ ನೋಡಿ” ಎಂದರು. ಪ್ರದರ್ಶನಕ್ಕಿಟ್ಟಿದ್ದ ಆ ಯಂತ್ರದಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿತ್ತು. ಬೆಸುಗೆ ಹಾಕಿದ ಮೆಮೊರಿಗೆ ಸಾಮಾನ್ಯವಾಗಿ ಹೀಗೆ ಬರುತ್ತದೆ, ಸ್ಲಾಟಿನದಾದರೆ ‘ಎಸ್‌ಒಡಿಐಎಂಎಂ’ ಎಂದಿರುತ್ತದೆ. ಬೆಸುಗೆಯ ಜೊತೆಗೆ ಒಂದು ಖಾಲಿ ಸ್ಲಾಟ್ ಇರುವ ಮಾದರಿಗಳೂ ಉಂಟು. ಹಾಗಾಗಿ ಅದೇ ಮಾದರಿಯ ದುರಸ್ತಿ ಕೈಪಿಡಿಯನ್ನು ತಯಾರಕರ ತಾಣದಿಂದ ಇಳಿಸಿಕೊಂಡು ಮದರ್‌ಬೋರ್ಡಿನ ಚಿತ್ರ ನೋಡಿದೆ, ಸ್ಲಾಟ್ ಇರಲಿಲ್ಲ. ಅಂಗಡಿಯವರ ಬಾಯಿಮಾತಿಗಿಂತ ಆ ಕೈಪಿಡಿಯ ಒಂದು ಪುಟ ಮೇಲು.

16 ಸಾಕೇ, 32 ಬೇಕೇ ಎಂಬ ಪ್ರಶ್ನೆ ಉಳಿಯಿತು. 32 ಜಿಬಿ ಕೊಡುವ ಹಗುರ ಮಾದರಿಗಳಲ್ಲಿ ಅದರ ಜೊತೆಗೇ ಮೇಲ್ದರ್ಜೆಯ ಪ್ರೊಸೆಸರು, ದುಬಾರಿ ಪರದೆ ಎಲ್ಲವನ್ನೂ ಕೊಳ್ಳಬೇಕಾಗಿತ್ತು. ವಿಡಿಯೊ ಸಂಕಲನ ಮಾಡುವವರಿಗೂ ವರ್ಚುವಲ್ ಮಷೀನ್ ನಡೆಸುವವರಿಗೂ ಅದು ಸರಿ. ನನ್ನ ಅಂಕಿ 13ರ ಆಸುಪಾಸಿನಲ್ಲಿದ್ದುದರಿಂದ 16ಕ್ಕೇ ನಿಂತೆ.

ಸ್ಟೋರೇಜಿಗೆ ಲೆಕ್ಕ ಹಾಕುವುದು ಇನ್ನೂ ಸುಲಭ. ಎ5 ಅಳತೆಯ ಒಂದು ಪುಟವನ್ನು 400 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದ ಟಿಫ್ ಆಗಿ ಉಳಿಸಿದರೆ ಸುಮಾರು 23 ಎಂಬಿ ಆಗುತ್ತದೆ. 300 ಪುಟದ ಪುಸ್ತಕಕ್ಕೆ 7 ಜಿಬಿ, ಶುಚಿಗೊಳಿಸಿದ ಇನ್ನೊಂದು ಪ್ರತಿ ಸೇರಿದರೆ 14. 512 ಜಿಬಿ ಎಂದು ಮಾರುವ ಎಸ್‌ಎಸ್‌ಡಿಯನ್ನು ವಿಂಡೋಸ್ ತನ್ನ ಎಣಿಕೆಯಲ್ಲಿ 476 ಎಂದೇ ತೋರಿಸುತ್ತದೆ. ಅದರಲ್ಲಿ ವಿಂಡೋಸ್, ತಂತ್ರಾಂಶಗಳಿಗೆ 100, ಖಾಲಿ ಬಿಡಲೆಂದು ಇನ್ನೊಂದು 100 ಕಳೆದರೂ ಹತ್ತು ಹದಿನೈದು ಪುಸ್ತಕಗಳು ಧಾರಾಳವಾಗಿ ಹಿಡಿಯುತ್ತವೆ. ಮುಗಿದ ಪುಸ್ತಕಗಳು ಹೇಗೂ ಎರಡು ಹೊರ ಡಿಸ್ಕುಗಳಿಗೆ ಹೋಗಬೇಕಾದವು. ಒಂದೇ ಯಂತ್ರದೊಳಗೆ 1 ಟಿಬಿ ತುಂಬಿಕೊಂಡು ತಿರುಗುವುದು ನನಗೆ ಸರಿಯೆನಿಸುವುದಿಲ್ಲ.

ವೇಗದ ಅಂಕಿಗಳಿಗೆ ನಾನು ಮರುಳಾಗಲಿಲ್ಲ. ಸಾಟಾ ಎಂಬ ಹಳೆಯ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಪಿಸಿಐಇ ಎಂಬ ಹೊಸ ಜೋಡಣೆಯ 3ನೇ ಪೀಳಿಗೆಯದು 3,500, 4ನೇ ಪೀಳಿಗೆಯದು 7,000ದವರೆಗೆ ಓದಬಲ್ಲದು. ಆದರೆ ಪುಟವಿನ್ಯಾಸದ ಕಡತ ತೆರೆಯುವಾಗ ಕೊನೆಯ ಎರಡರ ನಡುವೆ ನನಗೆ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಕಾಣುವುದು ಎಸ್‌ಎಸ್‌ಡಿಯ ಚಿಪ್ಪಿನ ಎರಡು ಬಗೆಗಳಾದ ಟಿಎಲ್‌ಸಿ (ಪ್ರತಿ ಕೋಶದಲ್ಲಿ ಮೂರು ಬಿಟ್), ಕ್ಯೂಎಲ್‌ಸಿ (ನಾಲ್ಕು ಬಿಟ್) ನಡುವೆ. ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗೆ ಹತ್ತಾರು ಜಿಬಿ ಸ್ಕ್ಯಾನ್‌ಗಳನ್ನು ಒಂದೇ ಸಮನೆ ನಕಲಿಸಿದರೆ, ಅದರ ಕ್ಯಾಶೆ (ವೇಗವಾಗಿ ಬರೆಯಲು ಇರುವ ತಾತ್ಕಾಲಿಕ ಜಾಗ) ತುಂಬುತ್ತಲೇ ವೇಗ ದಿಢೀರನೆ ಕುಸಿಯುತ್ತದೆ. ಡಿಸ್ಕ್ ಭರ್ತಿಯಾಗುತ್ತ ಬಂದಂತೆ ಈ ಕಾಟ ಹೆಚ್ಚು. ಖಾಲಿ ಜಾಗ ಬಿಡುವುದು ಇದಕ್ಕಾಗಿಯೇ. ಬಾಳಿಕೆಯ ಚಿಂತೆ ಮಾತ್ರ ಅನವಶ್ಯಕ: 300 ಟಿಬಿ ಬರೆಯಬಹುದೆಂದು ಖಾತರಿ ಕೊಟ್ಟ ಡಿಸ್ಕಿಗೆ ದಿನಕ್ಕೆ 40 ಜಿಬಿ ಬರೆದರೂ ಇಪ್ಪತ್ತು ವರ್ಷ ಹಿಡಿಯುತ್ತದೆ.

ಮ್ಯಾಕ್‌ಬುಕ್ ಏರ್ ಕೂಡ ಪಟ್ಟಿಯಲ್ಲಿತ್ತು. 2024ರ ಅಕ್ಟೋಬರಿನಿಂದ ಅದರ ಕನಿಷ್ಠ ಮೆಮೊರಿ 16 ಜಿಬಿಗೆ ಏರಿದೆ. ಆದರೆ ಅದರಲ್ಲಿ ಸ್ಟೋರೇಜೂ ಬೆಸುಗೆಯದೇ ಆದ್ದರಿಂದ ನಾನು ಹಾಕಿಕೊಂಡ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎರಡನ್ನೂ ಮೊದಲ ದಿನವೇ ಪೂರ್ತಿ ಕೊಳ್ಳಬೇಕು.

ಕೊನೆಗೆ ತಂದದ್ದು 16 ಜಿಬಿ ಬೆಸುಗೆ ಮೆಮೊರಿ ಮತ್ತು 512 ಜಿಬಿ ಎಸ್‌ಎಸ್‌ಡಿಯ ಯಂತ್ರ. ಅದರ ಎಂ.2 ಸ್ಲಾಟ್ 2280 ಅಳತೆಯದೆಂದು (22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಎಸ್‌ಎಸ್‌ಡಿ ಹಿಡಿಯುವಂಥದ್ದು) ಕೈಪಿಡಿಯಲ್ಲಿ ನೋಡಿಯೇ ಕೊಂಡೆ. 2242, 2230 ಅಳತೆಯ ಗಿಡ್ಡ ಎಸ್‌ಎಸ್‌ಡಿಗಳಿಗೆ ಅಂಗಡಿಗಳಲ್ಲಿ ಅಷ್ಟು ಆಯ್ಕೆ ಸಿಗುವುದಿಲ್ಲ. ಮುಂದೆ ಡಿಸ್ಕ್ ಬದಲಿಸುವುದಾದರೆ ಬೇಕಾಗುತ್ತದೆಂದು, ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರಿನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬಿಲ್ಲಿನ ಜೊತೆ ಕಡತಕ್ಕೆ ಸೇರಿಸಿದ್ದೇನೆ.