ಸೊಲ್ಲಾಪುರದಲ್ಲಿ ಬಸ್ತಾ: ನಡೆದೇ ಹೋಗಿ, ಚಾದರ ಕೊನೆಗೆ ಕೊಳ್ಳಿ

ಮದುವೆ ನಿಶ್ಚಯವಾದ ಕೂಡಲೇ ವಿಜಯಪುರ, ಕಲಬುರಗಿ ಕಡೆಯ ನೆಂಟರು ನನಗೆ ಫೋನ್ ಮಾಡುತ್ತಾರೆ: "ಬಸ್ತಾಕ್ಕೆ, ಅಂದರೆ ಮದುವೆಯ ಬಟ್ಟೆ ಕೊಳ್ಳಲು, ಬರುತ್ತೇವೆ, ಜೊತೆಗೆ ಬಾ." ಸೊಲ್ಲಾಪುರದ ಮಂಗಳವಾರ ಪೇಟೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷವಾಯಿತು, ಈಗ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಆದ್ದರಿಂದ ಬರೆದೇ ಕೊಡುತ್ತೇನೆ.

ಕಾರು ತರಬೇಡಿ. ಮಧಲಾ ಮಾರುತಿ ಗುಡಿಯ ಸುತ್ತಲಿನ ಓಣಿಗಳಲ್ಲಿ ಕೈಗಾಡಿ, ದನ, ಬೈಕು ಎಲ್ಲಕ್ಕೂ ಜಾಗವಿದೆ, ನಿಮ್ಮ ಕಾರಿಗೆ ಮಾತ್ರ ಇಲ್ಲ. ಬಸ್ ನಿಲ್ದಾಣದಿಂದ ರಿಕ್ಷಾದಲ್ಲಿ ಬಂದು ಇಳಿದರೆ ಮುಂದಿನದೆಲ್ಲ ಕಾಲ ಮೇಲೆ. ದಾರಿ ಕೇಳುವಾಗ ಬಾಳಿವೇಸ್, ತುಳಜಾಪುರ ವೇಸ್, ವಿಜಾಪುರ ವೇಸ್ ಎಂಬ ಹೆಸರುಗಳು ಬರುತ್ತವೆ. ವೇಸ್ ಎಂದರೆ ನಮ್ಮ ಅಗಸಿ, ಊರ ಹೆಬ್ಬಾಗಿಲು. ನಿಮ್ಮ ಊರಿನ ಕಡೆಗೆ ಮುಖ ಮಾಡಿದ ಅಗಸಿಯ ಹೆಸರನ್ನು ಮಹಾರಾಷ್ಟ್ರದ ರಿಕ್ಷಾದವನ ಬಾಯಲ್ಲಿ ಕೇಳುವ ಸುಖವೇ ಬೇರೆ.

ಹಿರಿಯರ ಹೆಸರಿನ ಪಟ್ಟಿಯನ್ನು ಕಾಗದದಲ್ಲಿ ಬರೆದು ತನ್ನಿ, ಮೊಬೈಲಿನಲ್ಲಿ ಬೇಡ. ಆಯೇರಿ, ಅಂದರೆ ನೆಂಟರಿಗೆ ಉಡುಗೊರೆ ಕೊಡುವ, ಸೀರೆಯಲ್ಲಿ ಒಬ್ಬ ಸೋದರತ್ತೆ ತಪ್ಪಿದರೆ ಮೂರು ತಲೆಮಾರು ಅದೇ ಮಾತು. ಮೊದಲು ಚಾಟಿ ಗಲ್ಲಿ, ಆಮೇಲೆ ನವೀ ಪೇಟೆ. ಹಿರಿಯರ ಸೀರೆ ಮುಗಿಸಿಯೇ ಮದುಮಗಳದಕ್ಕೆ ಕೈ ಹಾಕಿ. ಅವಳ ಸೀರೆಗೆ ಕುಳಿತರೆ ಮಧ್ಯಾಹ್ನ ಹೋಗಿಯೇ ಹೋಯಿತು. ಬಣ್ಣವನ್ನು ಅಂಗಡಿಯ ದೀಪದಲ್ಲಿ ನಂಬಬೇಡಿ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯಿರಿ.

ಇನ್ನು ಬಹಳ ಮುಖ್ಯವಾದದ್ದು: ಗುಟ್ಟು ಎಂದುಕೊಂಡು ನಿಮ್ಮೊಳಗೆ ಕನ್ನಡದಲ್ಲಿ ಬೆಲೆ ಮಾತನಾಡಬೇಡಿ. ನನ್ನ ನಾದಿನಿ ಒಮ್ಮೆ ಒಂದು ಗಂಟೆ ಮರಾಠಿಯಲ್ಲಿ ಜಗ್ಗಾಡಿ, ಕೊನೆಗೆ ನನ್ನ ಕಿವಿಯಲ್ಲಿ, "ಐನೂರು ಹೆಚ್ಚಾದರೂ ಇದನ್ನು ಬಿಡುವುದಿಲ್ಲ" ಎಂದಳು. ಅಂಗಡಿಯ ಮುದುಕರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಹಾಗಾದರೆ ಕಟ್ಟಲೇನಮ್ಮ?" ಸೊಲ್ಲಾಪುರವೆಂದರೆ ವಚನಕಾರ ಸಿದ್ಧರಾಮನ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ "ಕಪಿಲಸಿದ್ಧ ಮಲ್ಲಿಕಾರ್ಜುನ" ಎಂಬ ಅಂಕಿತದ ವಚನಗಳು ಹುಟ್ಟಿದ ಊರಿನಲ್ಲಿ ಕನ್ನಡ ಗುಟ್ಟಾಗಿ ಹೇಗೆ ಉಳಿದೀತು? ತೆಲುಗೂ ಬೇಡ; ಪೂರ್ವ ಭಾಗದ ನೇಕಾರ ಪದ್ಮಶಾಲಿಗಳ ಮನೆಮಾತು ಅದೇ.

ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಬಸ್ತಾ ಇಟ್ಟುಕೊಳ್ಳಬೇಡಿ. ಆಗ ಗಡ್ಡಾ ಜಾತ್ರೆ, ಸಿದ್ಧರಾಮನ ಜಾತ್ರೆ. ಎತ್ತರದ ಏಳು ನಂದಿಕೋಲುಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಟಾಗ ಪೇಟೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಜಾತ್ರೆ ನೋಡಲೆಂದೇ ಬರುವುದಾದರೆ ಬನ್ನಿ, ಜೊತೆಗೆ ಸೀತನಿಯೂ (ಸುಟ್ಟ ಎಳೆ ಜೋಳದ ಕಾಳು) ಸಿಗುತ್ತದೆ.

ಹಸಿವಾದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಮನೆಗೆ ಚಟ್ನಿ ಒಯ್ಯುವವರು ಒಂದು ಚಿಟಿಕೆ ಬೆರಳಲ್ಲಿ ಒತ್ತಿ ನೋಡಿ: ಕುಟ್ಟಿದ್ದಾದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ಯಂತ್ರದಲ್ಲಿ ಪುಡಿ ಮಾಡಿದ್ದು ಉದುರುತ್ತದೆ. ನಾನು ಉದುರುವುದನ್ನು ಕೊಳ್ಳುವುದಿಲ್ಲ.

ಸಂಜೆ ಸಿದ್ಧೇಶ್ವರ ಗುಡಿಯ ಕೆರೆಯ ಕಡೆಗೆ ಹೋಗುವಾಗ ನಾಲ್ವರು ಹುತಾತ್ಮರ ಚೌಕದಲ್ಲಿ ಒಂದು ಕ್ಷಣ ನಿಲ್ಲಿ. 1930ರ ಮೇ ತಿಂಗಳಲ್ಲಿ ಈ ಊರಿನ ಮೇಲೆ ಬ್ರಿಟಿಷರು ಮಾರ್ಷಲ್ ಲಾ, ಅಂದರೆ ಸೇನಾ ಆಡಳಿತ, ಹೇರಿದ್ದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಗಲ್ಲಿಗೇರಿದರು. ಈ ನಾಲ್ಕು ಹೆಸರು ಓದಿದರೆ ಪೇಟೆಯ ನಾಲ್ಕು ಓಣಿ ಸುತ್ತಿದ ಹಾಗೆ ನನಗೆ ಅನಿಸುತ್ತದೆ.

ಚಾದರ ಕೊನೆಗೆ, ಏಕೆಂದರೆ ಭಾರ. ಅಸಲಿ ಸೊಲ್ಲಾಪುರಿ ಹತ್ತಿಯದು. ಎರಡೂ ಕಡೆ ಹೊದೆಯಬಹುದು, ಮೇಲಿನ ಬಣ್ಣ ಕೆಳಗೆ ಅದಲುಬದಲಾಗಿರುತ್ತದೆ. ಪಾಣಿಪತ್ತಿನಲ್ಲಿ ನೆಯ್ದದ್ದನ್ನೂ ಇದೇ ಹೆಸರಿನಲ್ಲಿ ಮಾರುವವರಿದ್ದಾರೆ, ಕೇಳಿಯೇ ಕೊಳ್ಳಿ. ನಾಲ್ಕು ಚಾದರವನ್ನು ಒಂದೇ ಗಂಟು ಕಟ್ಟಿಸಿ. ವಿಜಯಪುರದ ಬಸ್ಸಿನಲ್ಲಿ ಆಸನ ಸಿಗದಿದ್ದರೆ ಅದರ ಮೇಲೇ ಕುಳಿತು ಹೋಗಬಹುದು.